ಹಲ್ಲು ಕಾಣುವ ಫೋಟೊ

ಜೂನ್ 6, ಶುಕ್ರವಾರ

ನಸುಕಿನಲ್ಲಿ ಕೆ.ಆರ್. ಮಾರ್ಕೆಟ್ಟಿನಿಂದ ಬನಶಂಕರಿ ಗುಡಿಯ ಹತ್ತಿರದ ಅಂಗಡಿಗೆ ಹೂವು ತರುತ್ತಿದ್ದ ಹುಡುಗ. ಆರ್.ವಿ. ರಸ್ತೆಯಲ್ಲಿ ಸ್ಕೂಟರ್ ಜಾರಿ ಡಿವೈಡರಿಗೆ ಮುಖ ಬಡಿದಿದೆ. ಅರ್ಧ ಹೆಲ್ಮೆಟ್, ಅದೂ ಹಿಂದಕ್ಕೆ ಸರಿದಿತ್ತಂತೆ. ಇವುಗಳ ಮಾರಾಟವನ್ನೇ ನಿಲ್ಲಿಸಬೇಕು.

ಸಿಟಿ ಸ್ಕ್ಯಾನಿನಲ್ಲಿ ಹಣೆಯ ಸೈನಸ್ಸಿನ ಮುಂಗೋಡೆ ಒಳಕ್ಕೆ ಕುಸಿದಿದೆ, ಹಿಂಗೋಡೆ ನುಚ್ಚುನೂರು. ಮೇಲ್ದವಡೆಯಲ್ಲಿ ಲೆಫೋರ್ಟ್ ಎರಡು ಮಾದರಿಯ ಮುರಿತ, ಕೆಳದವಡೆಯೂ ಮುರಿದಿದೆ. ಮೂಗಿನಿಂದ ತಿಳಿನೀರು ಸೋರುತ್ತಿದೆ, ಮಿದುಳಿನ ಸುತ್ತಲಿನದು. ಪ್ರಜ್ಞೆ ಚೆನ್ನಾಗಿದೆ. ಊತ ಇಳಿಯಲಿ ಎಂದು ನ್ಯೂರೋಸರ್ಜನ್ನರೂ ನಾನೂ ಆಪರೇಷನ್ನನ್ನು ಮುಂದಿನ ವಾರಕ್ಕೆ ಇಟ್ಟುಕೊಂಡೆವು.

"ಮೊದ್ಲಿನ ಥರ ಆಗ್ತಾನಾ ಮೇಡಂ?" ಅಂದರು ತಾಯಿ. ಹಳೇ ಫೋಟೊ ತನ್ನಿ, ಹಲ್ಲು ಕಾಣಬೇಕು ಅಂದೆ.

ಜೂನ್ 8, ಭಾನುವಾರ

ಆಧಾರ್ ಕಾರ್ಡು, ಪಾಸ್‌ಪೋರ್ಟ್ ಸೈಜು, ಎಲ್ಲದರಲ್ಲೂ ಬಾಯಿ ಮುಚ್ಚಿದೆ. ಕೊನೆಗೆ ತಂಗಿಯ ಮೊಬೈಲಿನಲ್ಲಿ ಸಿಕ್ಕಿತು: ಗಣೇಶನ ಮೆರವಣಿಗೆಯಲ್ಲಿ ಬಾಯ್ತುಂಬ ನಗುತ್ತಿದ್ದಾನೆ. ಮೇಲಿನ ಮುಂಬಲ್ಲು ಒಂದು ಪಕ್ಕದ್ದರ ಮೇಲೆ ಹತ್ತಿ ಕೂತಿದೆ. ನನಗೆ ಬೇಕಿದ್ದದ್ದು ಇದೇ. ಆ ಓರೆಯನ್ನು ಮರೆತು ಚೆಂದಕ್ಕೆ ಕೂರಿಸಹೋದರೆ ಇಡೀ ಮುಖ ತಪ್ಪುತ್ತದೆ. ಸುಂದರ ಮುಖ ಬೇಡ, ಅವನದೇ ಮುಖ ಬೇಕು; ಹಲ್ಲು ಹಲ್ಲಿಗೆ ಕೂಡುವ ರೀತಿಯೇ ಅದಕ್ಕೆ ನಕ್ಷೆ.

ಜೂನ್ 12, ಗುರುವಾರ

ಬೆಳಿಗ್ಗೆ ಶುರು, ಮುಗಿದಾಗ ಕತ್ತಲೆ. ಉಸಿರಿನ ಕೊಳವೆಯದೇ ಮೊದಲ ಯೋಚನೆ. ಬಾಯಲ್ಲಿದ್ದರೆ ಹಲ್ಲು ಕೂಡಿಸಲಾಗದು. ಮೂಗಿನಲ್ಲಿ ಹಾಕೋಣವೆಂದರೆ ಬುರುಡೆಯ ತಳವೇ ಬಿರಿದಿದೆ. ಗದ್ದದ ಕೆಳಗೆ ಚಿಕ್ಕದಾಗಿ ಕೊಯ್ದು ಅಲ್ಲಿಂದ ಹೊರತಂದೆವು. ಸ್ಪೇನಿನ ಹೆರ್ನಾಂಡೆಜ್ ಆಲ್ಟೆಮಿರ್ 1986ರಲ್ಲಿ ತೋರಿಸಿಕೊಟ್ಟ ದಾರಿ. ಕುತ್ತಿಗೆಗೆ ತೂತು ಮಾಡುವುದು ತಪ್ಪಿತು.

ಕಿವಿಯಿಂದ ಕಿವಿಗೆ, ಕೂದಲೊಳಗೇ ಕೊಯ್ದು ನೆತ್ತಿಯ ಚರ್ಮವನ್ನು ಹುಬ್ಬಿನವರೆಗೆ ಮಡಚಿದೆವು. ಹಣೆಯ ಚೂರುಗಳನ್ನು ನಾನು ತೆಗೆದುಕೊಟ್ಟಂತೆ ಸಿಸ್ಟರ್ ಅದೇ ಕ್ರಮದಲ್ಲಿ ಹಸಿರು ಬಟ್ಟೆಯ ಮೇಲೆ ಜೋಡಿಸುತ್ತ ಹೋದರು. ನ್ಯೂರೋಸರ್ಜನ್ ಮಿದುಳಿನ ಪೊರೆ ಹೊಲಿದು, ಹಿಂಗೋಡೆಯ ನುಚ್ಚು ತೆಗೆದರು. ಸೈನಸ್ಸಿನ ಒಳಪೊರೆಯನ್ನು ನಾನು ತಿರುಗುವ ಬರ್‌ನಿಂದ ಉಜ್ಜಿದೆ, ಬಹಳ ಹೊತ್ತು. ಇಲ್ಲಿ ಅವಸರ ಮಾಡುವವರನ್ನು ಕಂಡರೆ ನನಗೆ ಭಯ. ತುಣುಕು ಪೊರೆ ಉಳಿದರೂ ಎಷ್ಟೋ ವರ್ಷದ ಮೇಲೆ ಲೋಳೆ ತುಂಬಿ ಕಣ್ಣನ್ನೋ ಮಿದುಳನ್ನೋ ಒತ್ತಬಹುದು. ಮೂಗಿಗಿಳಿಯುವ ದಾರಿಯನ್ನು ಬುರುಡೆಗೆ ಅಂಟಿದ ಪದರದಿಂದಲೇ ಮುಚ್ಚಿ, ಮುಂಗೋಡೆಯನ್ನು ಟೈಟಾನಿಯಂ ಪ್ಲೇಟಿನಿಂದ ಕಟ್ಟಿದೆವು.

ಆಮೇಲೆ ದವಡೆ. ಫೋಟೊ ಗೋಡೆಗೆ ಅಂಟಿಸಿತ್ತು. ಓರೆಹಲ್ಲು ಕೆಳಗಿನ ಸವೆದ ಜಾಗದಲ್ಲಿ ಕೂತ ಮೇಲೆಯೇ ತಂತಿ ಬಿಗಿದು ಪ್ಲೇಟು ಹಾಕಿದ್ದು.

ಜೂನ್ 16, ಸೋಮವಾರ

ಮೂಗಿನ ನೀರು ನಿಂತಿದೆ. ದವಡೆ ಅಲುಗದಂತೆ ಹಲ್ಲುಗಳಿಗೆ ರಬ್ಬರ್; ರಾಗಿ ಗಂಜಿ, ಸೋಸಿದ ಬೇಳೆಕಟ್ಟು. ತಂದೆ ಪಕ್ಕದಲ್ಲಿ ಕೂತು ಕುಂಬ್ಳೆ ಕಥೆ ಹೇಳುತ್ತಿದ್ದರು: 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದು, ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡೇ 14 ಓವರ್ ಹಾಕಿ ಲಾರಾನನ್ನು ಔಟ್ ಮಾಡಿದ್ದು. ಹುಡುಗ ಹುಟ್ಟುವ ಮೊದಲಿನ ಮಾತು. ಆದರೂ ಕಣ್ಣರಳಿಸಿ ಕೇಳುತ್ತಿದ್ದ.

ಜುಲೈ 11, ಶುಕ್ರವಾರ

ರಬ್ಬರ್ ತೆಗೆದೆ. ಹಣೆ ಇನ್ನೂ ಜೋಮು. ಸ್ಪರ್ಶ ಬರಲು ತಿಂಗಳುಗಳು ಬೇಕು, ಪೂರ್ತಿ ಬರದೆಯೂ ಇರಬಹುದು ಎಂದು ಹೇಳಿದೆ. ಹಾರ ಕಟ್ಟುವಾಗ ದಾರವನ್ನು ಹಲ್ಲಲ್ಲಿ ಕಡಿಯಬಹುದಾ ಅಂದ. ಇನ್ನೆರಡು ವಾರ ಬೇಡಪ್ಪ, ಕತ್ತರಿ ಇಟ್ಟುಕೊ.

ಸೈನಸ್ಸಿಗಾಗಿ ಹಲವು ವರ್ಷ ಬಂದು ತೋರಿಸುತ್ತಿರಬೇಕು. ನೋವಿಲ್ಲದಾಗ ವ್ಯಾಪಾರ ಬಿಟ್ಟು ಬರುವವರು ಕಡಿಮೆ. ತಾಯಿಯ ನಂಬರನ್ನೂ ಬರೆದುಕೊಂಡೆ.