ಒಂದು ಬಾಟಲಿ ಕೊಳಚೆ ನೀರು

ಪರಿಸರದ ಕೇಸು ಅಂದರೆ ಕೋರ್ಟಿನಲ್ಲಿ ದೊಡ್ಡ ವಾದ ಅಂದುಕೊಳ್ಳುತ್ತೇವೆ. ಆದರೆ ಸರ್ಕಾರದ ಪರ ವಕೀಲರಿಗೆ ಕೇಸು ನಿಲ್ಲುವುದೂ ಬೀಳುವುದೂ ಎಷ್ಟೋ ಸಲ ಒಂದು ಬಾಟಲಿ ಕೊಳಚೆ ನೀರಿನ ಮೇಲೆ. 1974ರ ಜಲ ಕಾಯ್ದೆಯ 21ನೇ ಕಲಂ ಓದಿ. ಮಾದರಿ ತೆಗೆದ ಜಾಗದಲ್ಲೇ ನೋಟಿಸು ಕೊಡಬೇಕು, ಕಾರ್ಖಾನೆಯವರ ಎದುರೇ ಎರಡು ಪಾಲು ಮಾಡಿ ಸೀಲು ಹಾಕಬೇಕು, ಇಬ್ಬರೂ ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ ಪ್ರಯೋಗಾಲಯದ ವರದಿ ಸಾಕ್ಷ್ಯವೇ ಆಗುವುದಿಲ್ಲ; ನೀರು ಎಷ್ಟೇ ಕಪ್ಪಗಿರಲಿ.

ಇನ್ನು ಶಿಕ್ಷೆಯ ಮಾತು. 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಐದು ವರ್ಷದವರೆಗೆ ಜೈಲು ಇತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ತೆಗೆದು, 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ತಂದಿತು. ದೊಡ್ಡ ಕಂಪನಿಗೆ 15 ಲಕ್ಷ ಖರ್ಚಿನ ಬಾಬತ್ತು ಅಷ್ಟೇ. ಈ ಬದಲಾವಣೆ ನನಗೆ ಒಪ್ಪಿಗೆಯಿಲ್ಲ.

ನಮ್ಮ ಜಾವಗಲ್ ಕಡೆಯ ಕೆರೆಗೆ ಕೊಳಚೆ ಬಿಟ್ಟರೂ, ಪರಿಸರದ ಕೇಸು ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಇರುವುದು ಚೆನ್ನೈನಲ್ಲಿ. ತೆಂಗಿನ ತೋಟದ ರೈತ ಅಲ್ಲಿಗೆ ಹೋಗಿ ವಾದ ಮಾಡುವುದು ಸುಲಭವಲ್ಲ. ಅವನ ಪರವಾಗಿ ಸರ್ಕಾರದ ವಕೀಲರೇ ಗಟ್ಟಿಯಾಗಿ ನಿಲ್ಲಬೇಕು. ಛಲ ಇದ್ದರೆ ಕಾನೂನೂ ಕದಲುತ್ತದೆ: ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದರಿಂದಲೇ ದೇಶಕ್ಕೆ 2000ದಲ್ಲಿ ನಗರ ಕಸದ ನಿಯಮಗಳು ಬಂದವು. ಅವರು ವಕೀಲರೂ ಅಲ್ಲ, ಎಂಜಿನಿಯರ್.

ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯಿಂದ ಕಾನೂನು ಓದುತ್ತಿರುವ ಮಕ್ಕಳೇ, ಜಮೀನು ವ್ಯಾಜ್ಯದ ಜೊತೆಗೆ ಜಲ ಕಾಯ್ದೆಯನ್ನೂ ಓದಿಕೊಳ್ಳಿ. ಈ ಕೆಲಸಕ್ಕೆ ನಮ್ಮೂರಿನವರು ಬೇಕು.