ಕಾಲಿನ ಕಡೆಗೊಂದು ಕಣ್ಣು

ಸಂಜೆ ಹೊತ್ತು ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ರಸ್ತೆ ಕಾಣುವುದಿಲ್ಲ, ಬರೀ ಕಾಲುಗಳೇ ಕಾಣುತ್ತವೆ. ಕೆಪಿಎಚ್‌ಬಿ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲಿಳಿದು ಬರುವ ಸಾಫ್ಟ್‌ವೇರ್ ಹುಡುಗರ ಬೂಟು, ರೈತು ಬಜಾರಿನ ಒದ್ದೆ ನೆಲದಲ್ಲಿ ಸೊಪ್ಪು ಮಾರುವ ಹೆಂಗಸರ ಬಿರಿದ ಹಿಮ್ಮಡಿ, ಬೀದರ್ ಕಡೆಯ ಬಸ್ಸಿಗೆ ಚೀಲ ಹಿಡಿದು ಕಾಯುವ ನಮ್ಮವರ ಹವಾಯಿ ಚಪ್ಪಲಿ. ಸಕ್ಕರೆ ಕಾಯಿಲೆ ನನ್ನ ಜೊತೆಗೆ ವಾಸಕ್ಕೆ ಬಂದ ಮೇಲೆ ಜನರ ಮುಖಕ್ಕಿಂತ ಮೊದಲು ಅವರ ಪಾದ ನನ್ನ ಕಣ್ಣಿಗೆ ಬೀಳುತ್ತದೆ. ಯಾರ ಚಪ್ಪಲಿ ಒಂದೇ ಮಗ್ಗುಲಿಗೆ ಸವೆದಿದೆ, ಯಾರು ಹೆಬ್ಬೆರಳನ್ನು ನೆಲಕ್ಕೆ ತಾಗಿಸದೆ ನಡೆಯುತ್ತಿದ್ದಾರೆ ಎಂದು ನೋಡುತ್ತಿರುತ್ತೇನೆ. ಕೆಲವರ ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದಿರುತ್ತದೆ, ಅದರ ಅರಿವೇ ಇಲ್ಲದೆ ಅವರು ಎರಡು ಹೆಜ್ಜೆ ಮುಂದೆ ಹೋಗಿರುತ್ತಾರೆ. ಅಂಥವರನ್ನು ಕಂಡರೆ ನನಗೆ ತಡೆಯುವುದಿಲ್ಲ. ನಿಲ್ಲಿಸಿ, ಶುಗರ್ ಇದೆಯೇ ಎಂದು ಕೇಳಿಬಿಡುತ್ತೇನೆ. ತೆಲುಗು, ದಖನಿ, ಕನ್ನಡ ಯಾವುದರಲ್ಲಿ ಕೇಳಿದರೂ ಇಲ್ಲಿ ನಡೆಯುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಅಂದರೆ ಇಪ್ಪತ್ತು ಕೋಟಿಗೂ ಮಿಕ್ಕ ಪಾದಗಳು. ಅವುಗಳಲ್ಲಿ ಎಷ್ಟನ್ನು ಯಾರಾದರೂ ಬಗ್ಗಿ ನೋಡಿದ್ದಾರೆ ಎಂದು ಯೋಚಿಸಿದರೆ ಸಂಕಟವಾಗುತ್ತದೆ. ರಕ್ತ ಪರೀಕ್ಷೆಯ ಚೀಟಿಯನ್ನು ಎಲ್ಲರೂ ಓದುತ್ತಾರೆ. ಊಟಕ್ಕೆ ಮುಂಚೆ ಎಷ್ಟು, ಊಟವಾದ ಮೇಲೆ ಎಷ್ಟು ಎಂದು ಮದುವೆ ಮನೆಯಲ್ಲೂ ಚರ್ಚೆ ನಡೆಯುತ್ತದೆ. ಪಾದ ಮಾತ್ರ ಚಪ್ಪಲಿಯೊಳಗೆ, ಸೀರೆಯ ಅಂಚಿನ ಕೆಳಗೆ ತನ್ನ ಪಾಡಿಗೆ ತಾನಿರುತ್ತದೆ.

ಮೊದಲು ಬರುವುದು ಉರಿ. ಹಗಲೆಲ್ಲ ಸುಮ್ಮನಿದ್ದ ಅಂಗಾಲು ರಾತ್ರಿ ದೀಪ ಆರಿಸಿದ ಮೇಲೆ ಏಳುತ್ತದೆ. ಇರುವೆ ಹರಿದಂತೆ ಶುರುವಾಗಿ, ಆಮೇಲೆ ಹಸಿಮೆಣಸು ಅರೆದು ಹಚ್ಚಿದಂತೆ ಉರಿಯುತ್ತದೆ. ಹೊದಿಕೆಯ ಅಂಚು ತಗುಲಿದರೂ ಜೀವ ಹೋಗುತ್ತದೆ. ಕೆಲವರು ಎದ್ದು ಬಚ್ಚಲಿನ ತಣ್ಣನೆ ನೆಲದ ಮೇಲೆ ನಿಲ್ಲುತ್ತಾರೆ, ಕೆಲವರು ಒದ್ದೆ ಟವೆಲು ಸುತ್ತಿಕೊಂಡು ಮಲಗುತ್ತಾರೆ. ವರ್ಷಗಟ್ಟಲೆ ಏರಿದ ಸಕ್ಕರೆ ನರಗಳನ್ನೂ ಅವುಗಳಿಗೆ ರಕ್ತ ಒಯ್ಯುವ ಸೂಕ್ಷ್ಮ ನಾಳಗಳನ್ನೂ ಹಾಳುಮಾಡುವುದೇ ಇದಕ್ಕೆ ಕಾರಣ. ಸೊಂಟದಿಂದ ಕಾಲ್ಬೆರಳಿನವರೆಗೆ ಹೋಗುವ ನರಗಳು ದೇಹದಲ್ಲೇ ಅತಿ ಉದ್ದವಾದವು, ಹಾಗಾಗಿ ಪೆಟ್ಟು ಮೊದಲು ಬೀಳುವುದು ಬೆರಳ ತುದಿಗೆ. ಅಲ್ಲಿಂದ ಕಾಲುಚೀಲ ಎಳೆದುಕೊಂಡ ಹಾಗೆ ಅದು ಮೇಲೇರುತ್ತದೆ.

ಈ ಉರಿಗೆ ಔಷಧಿಯಿದೆ. ಪ್ರೀಗ್ಯಾಬಲಿನ್, ಡುಲಾಕ್ಸಿಟಿನ್, ಅಮಿಟ್ರಿಪ್ಟಿಲಿನ್ ಎಂಬ ಹೆಸರುಗಳನ್ನು ಎಷ್ಟೋ ಜನ ಚೀಟಿಯಲ್ಲಿ ನೋಡಿರುತ್ತೀರಿ. ಇವುಗಳಲ್ಲಿ ಕೊನೆಯ ಎರಡು ಖಿನ್ನತೆಗೂ ಕೊಡುವ ಮಾತ್ರೆಗಳು. ಮನೆಯ ಹುಡುಗರು ಫೋನಿನಲ್ಲಿ ಹುಡುಕಿ, ‘ಇದು ತಲೆಕೆಟ್ಟವರ ಮಾತ್ರೆ’ ಎಂದು ಹೇಳಿಬಿಡುತ್ತಾರೆ, ಅಜ್ಜ ಅದನ್ನು ಕಿಟಕಿಯಾಚೆ ಎಸೆಯುತ್ತಾನೆ. ದಯವಿಟ್ಟು ಎಸೆಯಬೇಡಿ. ನರದ ನೋವಿಗೆ ಅವು ಬೇರೆಯದೇ ದಾರಿಯಲ್ಲಿ ಕೆಲಸ ಮಾಡುತ್ತವೆ. ಪ್ರೀಗ್ಯಾಬಲಿನ್‌ನಿಂದ ಮಂಪರು ಬರಬಹುದು, ಕಾಲು ಊದಿಕೊಳ್ಳಬಹುದು. ಹಾಗಾದರೆ ವೈದ್ಯರಿಗೆ ಹೇಳಿ ಪ್ರಮಾಣ ಬದಲಿಸಿಕೊಳ್ಳಬೇಕು. ಇನ್ನೊಂದು ಮಾತು ಕೇಳಿ ತಿಳಿದುಕೊಳ್ಳುವಂಥದ್ದು: ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ನುಂಗಿದವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವುದುಂಟು, ಅದರ ಕೊರತೆಯೂ ಇದೇ ಜೋಮು, ಇದೇ ಉರಿ ತರುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಇನ್ನು, ನಡೆಯುವಾಗ ಮೀನಖಂಡ ಹಿಡಿದುಕೊಂಡು, ನಿಂತ ಕೂಡಲೇ ಬಿಡುವ ನೋವು ಬೇರೆ ಜಾತಿಯದು. ಅದು ರಕ್ತನಾಳ ಕಟ್ಟಿಕೊಳ್ಳುತ್ತಿರುವ ಸೂಚನೆ. ಬೀಡಿ ಸಿಗರೇಟು ಸೇದುವವರು ಅದನ್ನು ಅಲಕ್ಷಿಸಲೇಬಾರದು.

ನನಗೆ ಭಯವಿರುವುದು ಉರಿಯ ಬಗ್ಗೆ ಅಲ್ಲ, ಉರಿ ನಿಂತ ಮೇಲಿನ ದಿನಗಳ ಬಗ್ಗೆ. ‘ಈಗ ಆರಾಮ್ ಐತ್ರಿ, ಕಾಲು ಉರೀತಿಲ್ಲ’ ಎಂದು ಯಾರಾದರೂ ಖುಷಿಯಿಂದ ಹೇಳಿದರೆ ಎದೆ ಝಲ್ಲೆನ್ನುತ್ತದೆ. ಔಷಧಿಯಿಂದ, ಹಿಡಿತಕ್ಕೆ ಬಂದ ಸಕ್ಕರೆಯಿಂದ ಉರಿ ಇಳಿದಿದ್ದರೆ ಸಂತೋಷ. ನರ ಸತ್ತು ಇಳಿದಿದ್ದರೆ? ಅದನ್ನು ತಿಳಿಯಲು ವೈದ್ಯರ ಬಳಿ ಒಂದು ನೈಲಾನ್ ಎಳೆ ಇರುತ್ತದೆ, ಹಿಡಿಕೆಗೆ ಸಿಕ್ಕಿಸಿದ ಒಂದೇ ಒಂದು ದಪ್ಪ ಕೂದಲಿನಂಥದು. ಹತ್ತು ಗ್ರಾಂ ಭಾರ ಬಿದ್ದಾಗ ಬಾಗುವಂತೆ ಅದನ್ನು ಮಾಡಿರುತ್ತಾರೆ. ನಾವು ಕಣ್ಣು ಮುಚ್ಚಿರಬೇಕು. ಎಳೆಯನ್ನು ಹೆಬ್ಬೆರಳಿಗೆ, ಅಂಗಾಲಿನ ಉಬ್ಬಿಗೆ ಒತ್ತಿ, ‘ತಾಗಿತಾ?’ ಎಂದು ಕೇಳುತ್ತಾರೆ. ಎಳೆ ಬಿಲ್ಲಿನ ಹಾಗೆ ಬಾಗಿ ನಿಂತಿರುವಾಗಲೂ ‘ಇನ್ನೂ ಮುಟ್ಟೇ ಇಲ್ಲವಲ್ಲ’ ಎಂದವರನ್ನು ನಾನು ನೋಡಿದ್ದೇನೆ. ಆ ಪಾದಕ್ಕೆ ಮೊಳೆ ಚುಚ್ಚಿದರೂ ಸುದ್ದಿ ಮೇಲಕ್ಕೆ ಬರುವುದಿಲ್ಲ.

ಇದೇ ಕೂಕಟ್‌ಪಲ್ಲಿಯಲ್ಲಿ, ಈ ಅಪಾರ್ಟ್‌ಮೆಂಟುಗಳು ಬರುವ ಎಷ್ಟೋ ಮೊದಲು, 1958ರಲ್ಲಿ ಶಿವಾನಂದ ಪುನರ್ವಸತಿ ಕೇಂದ್ರ ಶುರುವಾಯಿತು. ಕಟ್ಟಿದವರು ವನಪರ್ತಿಯ ರಾಣಿ ಕುಮುದಿನಿ ದೇವಿ, 1962ರಲ್ಲಿ ಹೈದರಾಬಾದಿನ ಮೇಯರ್ ಆದವರು. ಕುಷ್ಠರೋಗಿಗಳನ್ನು ಊರೇ ಹೊರಗಿಟ್ಟಿದ್ದ ಕಾಲದಲ್ಲಿ ಅವರಿಗೊಂದು ನೆಲೆ ಮಾಡಿಕೊಟ್ಟ ಆ ತಾಯಿಯನ್ನು ನೆನೆದರೆ ಕೈ ಮುಗಿಯಬೇಕೆನಿಸುತ್ತದೆ. ಕುಷ್ಠಕ್ಕೂ ಸಕ್ಕರೆ ಕಾಯಿಲೆಗೂ ಎಲ್ಲಿಯ ನಂಟು ಎನ್ನಬೇಡಿ. ಕುಷ್ಠವೂ ಹೀಗೇ ಪಾದದ ಅರಿವನ್ನು ಕಸಿಯುತ್ತದೆ. ನಮ್ಮ ಪಾದದ ವಿದ್ಯೆಯ ಬಹುಭಾಗ ಬಂದಿರುವುದು ಆ ರೋಗಿಗಳ ಪಾದದಿಂದ.

1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠ ಮಾಂಸವನ್ನು ತಿಂದುಹಾಕುತ್ತದೆ, ಬೆರಳು ತಾನಾಗಿ ಉದುರುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಬ್ರಾಂಡ್ ಒಂದೊಂದು ಗಾಯದ ಹಿಂದೆ ಬಿದ್ದು ಕಾರಣ ಹುಡುಕಿದರು. ಬಿಸಿ ಪಾತ್ರೆ, ಮೊಳೆ, ಒತ್ತುವ ಚಪ್ಪಲಿ. ರಾತ್ರಿ ಮಲಗಿದಾಗ ಬೆರಳು ಮಾಯವಾಗುತ್ತಿದ್ದುದು ಹೇಗೆಂದು ಕಾದು ನೋಡಿದರೆ, ಇಲಿ ಬಂದು ಕಡಿಯುತ್ತಿತ್ತು. ನೋವಿಲ್ಲದ್ದರಿಂದ ರೋಗಿಗೆ ಎಚ್ಚರವೇ ಆಗುತ್ತಿರಲಿಲ್ಲ. ಆಮೇಲೆ ರೋಗಿಗಳಿಗೆ ಬೆಕ್ಕು ಕೊಟ್ಟು ಕಳಿಸಿದರು. 1966ರಲ್ಲಿ ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದ ಬ್ರಾಂಡ್, ವೆಲ್ಲೂರಿನಲ್ಲಿ ಕಲಿತದ್ದನ್ನು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. ಹುಣ್ಣಾದ ಪಾದಕ್ಕೆ ಒತ್ತಡ ಹಂಚಿಹೋಗುವಂತೆ ಪ್ಲಾಸ್ಟರ್ ಹಾಕುವ ಪದ್ಧತಿ ಆ ದಾರಿಯಲ್ಲಿ ಹಬ್ಬಿತು.

ನಾನು ಮೆಟ್ಟುವ ಎಂಸಿಆರ್ ಚಪ್ಪಲಿಯೂ ಅದೇ ಬಳುವಳಿ. ಮೈಕ್ರೋಸೆಲ್ಯುಲರ್ ರಬ್ಬರ್, ಸಣ್ಣ ಸಣ್ಣ ಗಾಳಿಗೂಡುಗಳಿರುವ ಮೆತ್ತನೆ ಹಾಸು. ಹೆಬ್ಬೆರಳಿನಿಂದ ಒತ್ತಿದರೆ ತಗ್ಗಿ, ಬಿಟ್ಟೊಡನೆ ಮೇಲೇಳಬೇಕು. ತಗ್ಗಿದ್ದು ತಗ್ಗೇ ಉಳಿದರೆ ಅದು ಬರೀ ಸ್ಪಂಜು, ವಾಪಸು ಕೊಡಿ. ಹಾಸಿನ ಕೆಳಗೆ ಗಟ್ಟಿ ತಳ ಇರಬೇಕು, ಹಿಮ್ಮಡಿಗೆ ಪಟ್ಟಿ ಇರಬೇಕು. ಹೆಬ್ಬೆರಳ ಸಂದಿಗೆ ಸಿಕ್ಕಿಸುವ ಉಂಗುಷ್ಟ ಬೇಡ, ಅದು ಉಜ್ಜಿ ಗಾಯ ಮಾಡುತ್ತದೆ. ಕೊಳ್ಳಲು ಸಂಜೆ ಹೋಗಿ, ಆಗ ಕಾಲು ಊದಿ ತನ್ನ ನಿಜವಾದ ಅಳತೆಗೆ ಬಂದಿರುತ್ತದೆ. ಇನ್ನು ಬೂಟಾದರೆ ಹಾಕುವ ಮುನ್ನ ಒಳಗೆ ಕೈಯಾಡಿಸಿ. ಕಲ್ಲಿನ ಚೂರು ಕಾಲಿಗೆ ತಿಳಿಯದಿದ್ದರೂ ಕೈಗೆ ತಿಳಿಯುತ್ತದೆ.

ಚಪ್ಪಲಿ ಬಿಡುವ ಜಾಗಗಳದ್ದು ದೊಡ್ಡ ಪ್ರಶ್ನೆ. ಗಂಡಿಪೇಟೆಯ ಬಳಿಯ ಚಿಲ್ಕೂರು ಬಾಲಾಜಿಗೆ ಹರಕೆ ಹೊರುವಾಗ 11 ಪ್ರದಕ್ಷಿಣೆ, ಹರಕೆ ತೀರಿದ ಮೇಲೆ 108. ಮಕ್ಕಳ ಅಮೆರಿಕ ವೀಸಾಕ್ಕಾಗಿ ತಂದೆತಾಯಿ ಸುತ್ತುತ್ತಾರೆ. ನಮ್ಮ ಉತ್ತರ ಕರ್ನಾಟಕದವರು ಯುಗಾದಿಗೆ ಮುಂಚೆ ಕಂಬಿ ಹೊತ್ತು ನಲ್ಲಮಲ ಕಾಡು ದಾಟಿ ಶ್ರೀಶೈಲದ ಮಲ್ಲಯ್ಯನಲ್ಲಿಗೆ ನಡೆಯುತ್ತಾರೆ, ಎಷ್ಟೋ ಜನ ಬರಿಗಾಲಿನಲ್ಲಿ. ಆ ಭಕ್ತಿಯ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಜೋಮು ಹಿಡಿದ ಪಾದದಲ್ಲಿ ಬಿಸಿಲಿಗೆ ಕಾದ ನೆಲ ತುಳಿಯುವುದನ್ನು ಮಲ್ಲಯ್ಯ ಕೇಳುವುದಿಲ್ಲ. ಬೊಕ್ಕೆ ಎದ್ದದ್ದು ತಿಳಿಯದೆ, ಒಡೆದದ್ದು ತಿಳಿಯದೆ, ಕೀವಾದ ಮೇಲೆ ವಾಸನೆಯಿಂದ ತಿಳಿಯುತ್ತದೆ. ಬೆಳಗಿನ ತಂಪಿನಲ್ಲಿ ಹೋಗಿ, ದಪ್ಪ ಕಾಲುಚೀಲ ಹಾಕಿಕೊಳ್ಳಿ, ಪ್ರದಕ್ಷಿಣೆ ಮೂರೇ ಇರಲಿ.

ಮನೆಯೊಳಗೂ ಬರಿಗಾಲು ಬೇಡ. ಕಾಲಿಗೆ ಬಿಸಿನೀರಿನ ಚೀಲ ಇಡುವುದು ಬೇಡ, ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಅಂಗಡಿಯ ಆಣಿಪಟ್ಟಿ ಅಂಟಿಸುವುದು ಎರಡೂ ಅಪಾಯ. ಉಗುರು ನೇರಕ್ಕೆ ಕತ್ತರಿಸಿ. ಬೆರಳ ಸಂದಿ ಒಣಗಿರಲಿ, ಎಣ್ಣೆ ಕ್ರೀಮು ಹಚ್ಚುವುದು ಅಂಗಾಲಿಗೆ, ಹಿಮ್ಮಡಿಗೆ ಮಾತ್ರ.

ನಮ್ಮ ಮನೆಗಳ ಹೆಂಗಸರ ಪಾದದ ಬಗ್ಗೆ ಹೇಳದೆ ಇರಲಾರೆ. ಮದುವೆಯಲ್ಲಿ ಹಾಕಿದ ಕಾಲುಂಗುರ ಊದಿದ ಬೆರಳಿನಲ್ಲಿ ಹೂತುಹೋಗಿದ್ದರೂ ತೆಗೆಯುವುದು ಅಪಶಕುನವೆಂದು ಹಾಗೇ ಬಿಟ್ಟಿರುತ್ತಾರೆ. ಹೆಂಡತಿ ಗಂಡನ ಕಾಲು ಒತ್ತಬಹುದು, ಅವನ ಅಂಗಾಲಿನ ಗಾಯ ಅವಳ ಕಣ್ಣಿಗೆ ಬೀಳುತ್ತದೆ. ಗಂಡ ಅವಳ ಕಾಲು ಮುಟ್ಟಬಾರದು, ಮುಟ್ಟಲು ಬಂದರೆ ‘ಪಾಪ ಹತ್ತೀತು, ಬಿಡ್ರೀ’ ಎಂದು ಅವಳೇ ಎಳೆದುಕೊಳ್ಳುತ್ತಾಳೆ. ಮೊಣಕಾಲು ನೋವಿನಿಂದ ಬಗ್ಗಲಾಗದ, ಕಣ್ಣು ಮಂಜಾದ ಆಕೆಯ ಅಂಗಾಲನ್ನು ಹಾಗಾದರೆ ನೋಡುವವರು ಯಾರು? ಒಂದು ಕನ್ನಡಿಯನ್ನು ನೆಲಕ್ಕಿಟ್ಟು ಮೇಲೆ ಪಾದ ಹಿಡಿದರೆ ಅಂಗಾಲು ಕಾಣುತ್ತದೆ ನಿಜ. ಅದಕ್ಕಿಂತ ಮಗನೋ ಗಂಡನೋ ಕೆಳಗೆ ಕೂತು ಎರಡೂ ಪಾದ ಕೈಯಲ್ಲಿ ಹಿಡಿದು ನೋಡುವುದು ಒಳ್ಳೆಯದು. ಒಂದು ಪಾದ ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ಅಂಗೈಗೆ ಗೊತ್ತಾಗುತ್ತದೆ. ನೋವಿಲ್ಲದೆ ಬಿಸಿಯಾಗಿ, ಕೆಂಪಾಗಿ ಊದಿದ ಪಾದದೊಳಗೆ ಮೂಳೆಗಳು ಕುಸಿಯುತ್ತಿರಬಹುದು.

ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ರಿಪೋರ್ಟು ಕೊಡುವ ಮುಂಚೆ ಚಪ್ಪಲಿ ಬಿಚ್ಚಿ, ಕಾಲುಚೀಲ ತೆಗೆದು ಕೂತುಕೊಳ್ಳಿ. ‘ನನ್ನ ಪಾದ ನೋಡಿ ಡಾಕ್ಟ್ರೇ’ ಎಂದು ಬಾಯಿಬಿಟ್ಟು ಕೇಳಿ. ವರ್ಷಕ್ಕೊಮ್ಮೆಯಾದರೂ ಆ ನೈಲಾನ್ ಎಳೆಯ ಪರೀಕ್ಷೆ ಆಗಲೇಬೇಕು. ಗಾಯ, ಬಣ್ಣ ಬದಲಾದ ಬೆರಳು, ಊತ ಏನೇ ಕಂಡರೂ ಅದೇ ದಿನ ಹೋಗಿ ತೋರಿಸಿ. ನೋವಿಲ್ಲವಲ್ಲ ಎಂದು ನಾಳೆಗೆ ಇಡಬೇಡಿ.