ದೆವ್ವದ ಮನೆಯಲ್ಲಿ ಪ್ರೇಮಿಗಳ ದಿನ

ನಾವಿರುವ ರಾಮತೀರ್ಥ ನಗರ ಬೆಳಗಾವಿಯ ಹೊಸ ಬಡಾವಣೆಗಳಲ್ಲಿ ಒಂದು. ಕಣಬರ್ಗಿಗೆ ಹತ್ತಿರ. ನಮ್ಮ ಓಣಿಯಲ್ಲಿ ದೆವ್ವಗಳಿಗೆ ಬೇಕಾದ ಯಾವ ಸೌಕರ್ಯವೂ ಇಲ್ಲ. ಹಳೆಯ ವಾಡೆ ಇಲ್ಲ, ಪಾಳುಬಾವಿ ಇಲ್ಲ, ಹುಣಸೆ ಮರವೂ ಇಲ್ಲ. ರಾತ್ರಿ ಹತ್ತರವರೆಗೆ ಬೀದಿದೀಪದ ಕೆಳಗೆ ನಮ್ಮಂಥ ನಿವೃತ್ತರ ವಾಕಿಂಗ್ ನಡೆದಿರುತ್ತದೆ. ದೆವ್ವ ನೋಡಬೇಕೆಂದರೆ ನಾವು ಆಟೋ ಹತ್ತಿ ಊರೊಳಗೆ ಹೋಗಬೇಕು.

ಫೆಬ್ರುವರಿ ಎರಡನೆಯ ವಾರ ಹಾಗೆಯೇ ಹೋದೆವು. ನಾನು, ನಮ್ಮ ಮನೆಯಾಕೆ, ಏಳನೆಯ ತರಗತಿಯ ಮೊಮ್ಮಗಳು, ನಾಲ್ಕನೆಯ ತರಗತಿಯ ಮೊಮ್ಮಗ. ಅಶೋಕ ವೃತ್ತ ದಾಟುವಾಗ ಕೋಟೆ ಕೆರೆಯ ದಂಡೆಯ ಧ್ವಜಸ್ತಂಭ ಕಂಡಿತು. 2018ರಲ್ಲಿ ನಿಲ್ಲಿಸಿದ ಆ ಕಂಬ 110 ಮೀಟರ್ ಎತ್ತರವಿದೆ. ಅದರ ತುದಿ ನೋಡಲು ಸಣ್ಣವನು ಆಟೋದಿಂದ ಅರ್ಧ ಹೊರಗೆ ಬಾಗಿ ಅಜ್ಜಿಯಿಂದ ಬೈಸಿಕೊಂಡ.

ಮೈದಾನದಲ್ಲಿ ಎಕ್ಸಿಬಿಷನ್ ನಡೆದಿತ್ತು. ರಾಟೆ ತೊಟ್ಟಿಲು, ಸಾವಿನ ಬಾವಿಯ ಮೋಟರ್ ಸೈಕಲ್ ಸದ್ದು, ತಟ್ಟೆಯಗಲದ ಹಪ್ಪಳ, ಬಿಸಿ ಮಿರ್ಚಿ. ಎಲ್ಲಕ್ಕಿಂತ ಕೊನೆಗೆ ತಗಡು ಮತ್ತು ಕರಿ ಬಟ್ಟೆಯಿಂದ ಕಟ್ಟಿದ ಭೂತಬಂಗಲೆ. ಪ್ರೇಮಿಗಳ ದಿನ ಬಂದಿತೆಂದು ಅದಕ್ಕೆ ಅಲಂಕಾರ ಮಾಡಿದ್ದರು. ಬಾಗಿಲಿಗೆ ಕೆಂಪು ಬಲೂನುಗಳ ತೋರಣ. ಗೋಡೆಯ ಮೇಲಿನ ತಲೆಬುರುಡೆಯ ಎರಡೂ ಕಣ್ಣುಗಳಿಗೆ ಥರ್ಮಕೋಲಿನ ಕೆಂಪು ಹೃದಯ. ಒಳಗೆ ಮದುಮಗಳ ದೆವ್ವವೊಂದು ತನ್ನ ಗಂಡಿಗಾಗಿ ಕಾಯುತ್ತಿದೆಯೆಂದು ಬೋರ್ಡು. ಜೋಡಿಯಾಗಿ ಬಂದವರಿಗೆ ಟಿಕೆಟಿನಲ್ಲಿ ರಿಯಾಯಿತಿ.

"ಅಜ್ಜ-ಮೊಮ್ಮಗಳು ಜೋಡಿ ಆಗ್ತೈತೇನ್ರೀ?" ಎಂದು ಕೇಳಿದೆ. ಟಿಕೆಟಿನವನು ಸ್ವಲ್ಪ ಯೋಚಿಸಿ ರಿಯಾಯಿತಿ ಕೊಟ್ಟ.

"ಮತ್ತ ನಾ ಯಾರು?" ಎಂದಳು ಮನೆಯಾಕೆ.

"ನೀನೂ ಬಾ."

"ನಾ ಒಲ್ಲೆ. ನಲವತ್ತು ವರ್ಷದ ಮ್ಯಾಲಾತು, ಮನ್ಯಾಗ ದಿನಾ ನೋಡಾಕತ್ತೀನಿ" ಎಂದು ಹೊರಗಿನ ಕುರ್ಚಿಯಲ್ಲಿ ಕೂತಳು.

1979ರಲ್ಲಿ 'ನಾ ನಿನ್ನ ಬಿಡಲಾರೆ' ಬಂದಾಗ ನಮಗೆ ಹೊಸದಾಗಿ ಮದುವೆಯಾಗಿತ್ತು. ಅನಂತನಾಗ್, ಲಕ್ಷ್ಮಿ ಅಭಿನಯದ ದೆವ್ವದ ಸಿನಿಮಾ. ಹೆಸರೇನೋ ಪ್ರೇಮದ್ದು, ಆದರೆ ಬಿಡದೆ ಹಿಡಿದದ್ದು ದೆವ್ವ. ನಾಲ್ಕು ಜನರಿರುವಲ್ಲಿ ಈಕೆ ನನ್ನ ಕೈ ಹಿಡಿದದ್ದು ಆ ಕತ್ತಲೆಯಲ್ಲೇ ಮೊದಲು. ಇದನ್ನು ಮೊಮ್ಮಕ್ಕಳಿಗೆ ಹೇಳಬೇಡಿ ಎಂದಿದ್ದಾಳೆ. ನಿಮಗೆ ಮಾತ್ರ ಹೇಳಿದ್ದೇನೆ.

ಸಾಲು ಉದ್ದವಿತ್ತು. ಸಾಲಿನವರ ಬೇಸರ ಕಳೆಯುವ ವಿದ್ಯೆ ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಗೊತ್ತಿರುತ್ತದೆ. ಮಕ್ಕಳಿಗೆ ದೆವ್ವದ ಮನೆಗಳ ಚರಿತ್ರೆ ಹೇಳಿದೆ. ಇಂಥ ಮನೆಗಳು ಹುಟ್ಟಿ ನೂರು ವರ್ಷ ದಾಟಿದೆ. ಇಂಗ್ಲೆಂಡಿನ ಆರ್ಟನ್ ಅಂಡ್ ಸ್ಪೂನರ್ ಕಂಪನಿ 1915ರಲ್ಲಿ ಜಾತ್ರೆಗಳಿಗೆಂದು ಕಟ್ಟಿದ ದೆವ್ವದ ಮನೆ ಉಗಿಯಂತ್ರದಿಂದ ನಡೆಯುತ್ತಿತ್ತು. ಹಾಲಿಕೂಂಬ್ ಎಂಬಲ್ಲಿ ಅದನ್ನು ಇಂದಿಗೂ ಕಾಪಾಡಿಕೊಂಡಿದ್ದಾರೆ. ಅಮೆರಿಕದ ಡಿಸ್ನಿಲ್ಯಾಂಡಿನ ಭೂತದ ಮಹಲು ತೆರೆದದ್ದು 1969ರಲ್ಲಿ. ಆ ದೇಶದಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಊರೂರಿಗೆ ಇಂಥ ಮನೆಗಳು ಏಳುತ್ತವೆ. ಅವುಗಳಲ್ಲಿ ಕೆಲವು ಫೆಬ್ರುವರಿ 14ರ ಆಸುಪಾಸು ಒಂದೆರಡು ರಾತ್ರಿ ಮತ್ತೆ ಬಾಗಿಲು ತೆರೆದು ಜೋಡಿಗಳನ್ನು ಕರೆಯುತ್ತವೆ.

"ಪ್ರೀತಿ ಮಾಡೋರು ದೆವ್ವದ ಮನೀಗೆ ಯಾಕ ಹೋಗ್ತಾರಜ್ಜಾ?" ಎಂದಳು ದೊಡ್ಡವಳು. ಉತ್ತರ ಹೇಳುವಷ್ಟರಲ್ಲಿ ನಮ್ಮ ಪಾಳಿ ಬಂತು.

ಒಳಗೆ ಗವ್ವನೆ ಕತ್ತಲೆ. ಕಾಲ ಕೆಳಗೆ ಸ್ಪಂಜು, ಮುಖಕ್ಕೆ ತಾಗುವ ಒದ್ದೆ ದಾರ, ಕಿವಿಯ ಹತ್ತಿರ ಬುಸ್ಸೆನ್ನುವ ಗಾಳಿ. ತಲೆಯ ಮೇಲೆ ಪ್ಲಾಸ್ಟಿಕ್ ಬಾವಲಿಗಳು. ಒಂದು ತಿರುವಿನಲ್ಲಿ ದೊಡ್ಡ ಕನ್ನಡಿ. ಅದರಲ್ಲಿ ನಮ್ಮ ಮುಖ ಮಾಯವಾಗಿ ಮದುಮಗಳ ಮುಖ ಮೂಡಿತು. ಸಣ್ಣವನು ನನ್ನ ಅಂಗಿಯನ್ನು ಹರಿಯುವಷ್ಟು ಜಗ್ಗಿದ.

ಮಕ್ಕಳೇ, ಅದು ಬೆಳಕಿನ ಆಟ. ಮುಂದೆ ಬೆಳಕಿದ್ದರೆ ಆ ಗಾಜು ಕನ್ನಡಿಯಂತೆ ನಮ್ಮನ್ನು ತೋರಿಸುತ್ತದೆ. ಮುಂದಿನ ದೀಪ ಆರಿ ಹಿಂದಿನ ದೀಪ ಹತ್ತಿದರೆ ಗಾಜಿನ ಹಿಂದಿನ ಗೊಂಬೆ ಕಾಣುತ್ತದೆ. ಇಂಥದ್ದೇ ಒಂದು ಆಟವನ್ನು ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ 1862ರ ಡಿಸೆಂಬರ್ 24ರಂದು ಜಾನ್ ಹೆನ್ರಿ ಪೆಪ್ಪರ್ ತೋರಿಸಿದಾಗ ಜನ ಬೆರಗಾಗಿದ್ದರು. ಮೂಲ ಯೋಚನೆ ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರನದು. ದೊಡ್ಡ ಗಾಜನ್ನು ಓರೆಯಾಗಿ ನಿಲ್ಲಿಸಿ, ಮರೆಯಲ್ಲಿರುವ ನಟನ ಪ್ರತಿಬಿಂಬವನ್ನು ರಂಗದ ಮೇಲೆ ದೆವ್ವವಾಗಿ ಕಾಣಿಸುವುದು. ರಾತ್ರಿ ಬಸ್ಸಿನ ಕಿಟಕಿ ಗಾಜಿನಲ್ಲಿ ನೋಡಿರಿ. ಹೊರಗಿನ ಕತ್ತಲೆಯಲ್ಲಿ ನಿಮ್ಮದೇ ಮುಖ ಬಸ್ಸಿನ ಜೊತೆ ಓಡುತ್ತಿರುತ್ತದೆ.

ಕನ್ನಡಿ ದಾಟಿದೆವು. ನಮ್ಮ ಮುಂದೆ ನಾಲ್ವರು ಹುಡುಗರು ನಡೆದಿದ್ದರು. ಮೂಲೆಯಿಂದ ಕರಿ ನಿಲುವಂಗಿಯ ದೆವ್ವವೊಂದು ಚೀರುತ್ತ ಜಿಗಿಯಿತು. ಅವರಲ್ಲೊಬ್ಬ ಕೈ ಬೀಸಿ ಅದರ ಮುಖಕ್ಕೆ ಗುದ್ದಿದ. ಮುಖವಾಡ ಲಟಕ್ಕೆಂದಿತು. "ಯವ್ವಾ!" ಎಂದು ದೆವ್ವ ಕುಸಿದು ಕೂತಿತು. ಹುಡುಗರು ನಗುತ್ತ ಓಡಿಹೋದರು.

ಮೊಬೈಲಿನ ದೀಪ ಹಚ್ಚಿದೆ. ಮುಖವಾಡದ ಹಿಂದೆ ಹದಿನೆಂಟು ಹತ್ತೊಂಬತ್ತರ ಮುಖ. ತುಟಿ ಒಡೆದು ರಕ್ತ ಬರುತ್ತಿತ್ತು. ದೊಡ್ಡವಳು ತನ್ನ ನೀರಿನ ಬಾಟಲಿ ಕೊಟ್ಟಳು.

"ಅಣ್ಣಾ, ನೀ ದೆವ್ವ ಅಲ್ಲಾ?" ಎಂದ ಸಣ್ಣವನು.

"ಸಂಜೀ ಆರರಿಂದ ರಾತ್ರಿ ಹತ್ತರ ತನಕ ದೆವ್ವ. ಆಮ್ಯಾಲ ಮನಷ್ಯಾ" ಎಂದು ಹುಡುಗ ನಗಲು ಹೋಗಿ ತುಟಿ ಹಿಡಿದುಕೊಂಡ.

ಖಾನಾಪುರದ ಆಚೆ ಕಾಡಂಚಿನ ಹಳ್ಳಿ ಅವನದು. ವಾರಕ್ಕೆ ಎರಡು ಸಲವಾದರೂ ಹೀಗೆ ಏಟು ಬೀಳುತ್ತದಂತೆ. ಬಾಗಿಲಿನ ಥರ್ಮಕೋಲಿನ ಹೃದಯಗಳನ್ನು ಕತ್ತರಿಸಿ ಅಂಟಿಸಿದವನೂ ಅವನೇ. "ಮನೀಗೆ ಹೋಗಪಾ" ಎಂದೆ. "ಎದ್ದು ಹೋದ್ರ ಇವತ್ತಿನ ಪಗಾರ ಹೋಗ್ತೈತ್ರಿ ಅಜ್ಜಾರ. ನಮ್ಮೂರಾಗ ಕರಡೀ ಅಂಜಿಕಿ, ಇಲ್ಲಿ ಮಂದೀ ಅಂಜಿಕಿ."

ಅವನ ನೋವು ಮರೆಸಬೇಕೆಂದೋ ಏನೋ, ಸಣ್ಣವನು ಮೇಲಿನ ಬಾವಲಿ ತೋರಿಸಿ ಅದೂ ಸುಳ್ಳೇ ಎಂದು ಕೇಳಿದ. ಹುಡುಗನ ಮುಖ ಅರಳಿತು. "ಖರೇ ಬಾವಲಿ ನಮ್ಮ ಕಡೆ ಅದಾವು" ಎಂದ. ಅವನ ಮಾತು ನಿಜ. ಖಾನಾಪುರ ತಾಲ್ಲೂಕಿನ ಭೀಮಗಡ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿಯ ಬಾರಾಪೇಡೆ ಗವಿಗಳಲ್ಲಿ ರಾಟನ್ ಎಂಬ ಸಾಹೇಬನ ಹೆಸರು ಹೊತ್ತ ಅಪರೂಪದ ಬಾವಲಿಗಳಿವೆ. ಜಗತ್ತಿನಲ್ಲಿ ಅಲ್ಲಿ ಮಾತ್ರ ಇವೆಯೆಂದು ಬಹಳ ಕಾಲ ನಂಬಿದ್ದರು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಕಂಡವು.

ಹೊರಗೆ ಬಂದು ಮ್ಯಾನೇಜರನಿಗೆ ವಿಷಯ ತಿಳಿಸಿದೆ. "ಅಂಜಿದ ಮಂದಿ ಹೊಡೀತಾರ್ರಿ, ಏನ್ ಮಾಡೂದು?" ಎಂದ. ಪಗಾರ ಕತ್ತರಿಸದೆ ಹುಡುಗನನ್ನು ಅರ್ಧ ತಾಸು ಕೂರಿಸಿ ಎಂದು ಕೌಂಟರಿನ ಮುಂದೆಯೇ ನಿಂತೆ. ಹಿಂದೆ ಸಾಲು ಬೆಳೆಯಿತು. ಸಾಲು ಬೆಳೆದರೆ ಕೌಂಟರಿನವನು ಬೇಗ ಒಪ್ಪುತ್ತಾನೆಂಬುದು ನನ್ನ ಸೇವಾನುಭವ. ಒಪ್ಪಿದ. ಹತ್ತಿ, ಡೆಟಾಲ್ ತರಿಸಿಕೊಟ್ಟ. ಮನೆಯಾಕೆ ಹುಡುಗನ ತುಟಿ ಒರೆಸಿ, ತಣ್ಣನೆಯ ಮಜ್ಜಿಗೆ ಕುಡಿಸಿದಳು.

ಆಗ ನನಗೆ ದೊಡ್ಡವಳ ಪ್ರಶ್ನೆ ನೆನಪಾಯಿತು. 1974ರಲ್ಲಿ ಡಟನ್ ಮತ್ತು ಆರನ್ ಎಂಬ ಮನಶ್ಶಾಸ್ತ್ರಜ್ಞರು ಕೆನಡಾದ ಕೆಪಿಲಾನೊ ತೂಗುಸೇತುವೆಯ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ತೂಗಾಡುವ ಸೇತುವೆಯ ಮೇಲೆ ಒಬ್ಬ ತರುಣಿ ಗಂಡಸರಿಗೆ ಪ್ರಶ್ನೆ ಕೇಳಿ ತನ್ನ ಫೋನ್ ನಂಬರ್ ಕೊಟ್ಟಳು. ಗಟ್ಟಿ ಸೇತುವೆಯ ಮೇಲೂ ಹಾಗೇ ಮಾಡಿದರು. ತೂಗುಸೇತುವೆಯವರೇ ಆಮೇಲೆ ಹೆಚ್ಚು ಫೋನ್ ಮಾಡಿದರು. ಅಂಜಿಕೆಯಿಂದ ಬಡಿದ ಎದೆಯನ್ನು ಮನಸ್ಸು ಒಲವೆಂದು ಓದಿಕೊಳ್ಳುತ್ತದೆಯೆಂದು ಅವರು ಅರ್ಥ ಹೇಳಿದರು. ಜೋಡಿಗಳು ದೆವ್ವದ ಮನೆಗೆ ಹೋಗುವುದಕ್ಕೆ ಇದೂ ಕಾರಣವಿದ್ದೀತು.

"ಹಂಗಾರ ಆ ಹುಡುಗರ ಎದೀನೂ ಹಂಗೇ ಬಡದಿರಬೇಕಲ್ಲಾ?" ಎಂದಳು ದೊಡ್ಡವಳು. ಹೌದು ಮಗಳೇ. ಅಂಜಿಕೆ ಎಲ್ಲರಿಗೂ ಬರುತ್ತದೆ, ಅದರಲ್ಲಿ ನಾಚಿಕೆಯಿಲ್ಲ. ಎದೆ ಬಡಿಯುವುದು ನಮ್ಮ ಮಾತು ಕೇಳುವುದಿಲ್ಲ, ಕೈ ಮಾತ್ರ ಕೇಳುತ್ತದೆ. ಆ ಕೈಯಿಂದ ಪಕ್ಕದವರ ಕೈ ಹಿಡಿಯಬಹುದು, ಇಲ್ಲವೇ ಗುದ್ದಬಹುದು.

ಅವಳು ಸುಮ್ಮನಾಗಲಿಲ್ಲ. ಮಿರ್ಚಿ ಅಂಗಡಿಯಿಂದ ರಟ್ಟು, ಟಿಕೆಟಿನವನಿಂದ ಮಾರ್ಕರ್ ಪೆನ್ನು ತಂದಳು. "ಒಳಗಿರುವ ದೆವ್ವ ಮನುಷ್ಯ. ಹೊಡೆಯಬೇಡಿ" ಎಂದು ದಪ್ಪಗೆ ಬರೆದಳು. ಬೆಳಗಾವಿಯಲ್ಲವೇ, ಅದನ್ನೇ ಕೆಳಗೆ ಮರಾಠಿಯಲ್ಲಿ ಮಿರ್ಚಿ ಅಂಗಡಿಯ ಅಕ್ಕ ಬರೆದುಕೊಟ್ಟರು. ತಲೆಬುರುಡೆಯ ಒಂದು ಕಣ್ಣಿನ ಹೃದಯ ಕಿತ್ತು ರಟ್ಟಿಗೆ ಅಂಟಿಸಿ, ಟಿಕೆಟ್ ಕಿಂಡಿಯ ಮೇಲೆ ಕಟ್ಟಿದೆವು. ಮ್ಯಾನೇಜರ ಬೇಡವೆನ್ನಲಿಲ್ಲ.

ಅರ್ಧ ತಾಸಿನ ನಂತರ ಹುಡುಗ ಮುಖವಾಡ ಹಾಕಿಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ದೊಡ್ಡದೊಂದು ಚೀರು ಕೇಳಿಸಿತು. ಸಣ್ಣವನು ಕಿವಿಗೊಟ್ಟು ಕೇಳಿ, "ಅಂವಂದ. ಆರಾಮ ಅದಾನ" ಎಂದ.